ಕಣ್ಣು ಕಳೆದುಕೊಂಡ ರಾಜ, ಕಾವಲಿನಲ್ಲಿರುವ ಮಠ

ಹಿಂದೆ ಸೆರ್ಬಿಯಾದ ಭಾಗವಾಗಿದ್ದು 2008ರಲ್ಲಿ ತಾನು ಸ್ವತಂತ್ರ ಎಂದು ಘೋಷಿಸಿಕೊಂಡ ಕೊಸೊವೊದ ಪಶ್ಚಿಮ ಅಂಚಿನಲ್ಲಿ ದೆಚಾನಿ ಅನ್ನೋ ಹಳೇ ಮಠ ಇದೆ. ಅಲ್ಲಿನ ಚರ್ಚ್‌ನ ದಕ್ಷಿಣ ಬಾಗಿಲ ಮೇಲೆ ಒಂದು ಬರಹ ಕೆತ್ತಿದ್ದಾರೆ. ಇದನ್ನು ಕಟ್ಟಿದವನು ಕೋಟೊರ್ ಊರಿನ ಫ್ರಾ ವೀಟ, ಎಂಟು ವರ್ಷ ಹಿಡಿಯಿತು, 6843ನೇ ವರ್ಷದಲ್ಲಿ ಮುಗಿಯಿತು ಎಂದು ಅದರಲ್ಲಿದೆ. ಲೋಕ ಹುಟ್ಟಿದಾಗಿನಿಂದ ಎಣಿಸುವ ಲೆಕ್ಕ ಅದು. ಈಗಿನ ಲೆಕ್ಕದಲ್ಲಿ 1335ರ ಆಸುಪಾಸು. ಅದೇ ಬರಹದಲ್ಲಿ ಇಬ್ಬರು ರಾಜರ ಹೆಸರೂ ಇದೆ. ಒಬ್ಬ ಮೂರನೇ ಸ್ಟೆಫಾನ್ ಉರೋಶ್, ಇನ್ನೊಬ್ಬ ಅವನ ಮಗ ದುಶಾನ್. ಅಪ್ಪ ಶುರು ಮಾಡಿದ್ದನ್ನು ಮಗ ಮುಗಿಸಿದ, ಒಳ್ಳೆಯ ಮಗ ಅಂತ ಓದಿದವರಿಗೆ ಅನ್ನಿಸಬೇಕು. ಆದರೆ ಆ ಅಕ್ಷರ ಕೆತ್ತುವ ಹೊತ್ತಿಗೆ ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ತೀರಿಕೊಂಡದ್ದು ಆ ಮಗನ ಸೆರೆಯಲ್ಲೇ.

ಆ ಅಪ್ಪನೇ ಸ್ಟೆಫಾನ್ ದೆಚಾನ್ಸ್ಕಿ. ದೆಚಾನಿ ಕಟ್ಟಿಸಿದ್ದರಿಂದ ಬಂದ ಹೆಸರು. ಸೆರ್ಬಿಯಾದ ಆರ್ಥಡಾಕ್ಸ್ ಕ್ರೈಸ್ತರಿಗೆ ಅವನು ಸಂತ, ‘ಪವಿತ್ರ ರಾಜ’. ಅವನ ದೇಹ ಇಂದಿಗೂ ಆ ಚರ್ಚ್‌ನೊಳಗೇ ಇದೆ. ಮಠಕ್ಕೆ ಮಾತ್ರ 1999ರಿಂದ ವಿದೇಶಿ ಸೈನಿಕರ ಕಾವಲು. ಯಾಕೆ ಹೀಗಾಯಿತು ಅಂತ ತಿಳಿಯಬೇಕಾದರೆ ಏಳುನೂರು ವರ್ಷ ಹಿಂದಿನ ಒಂದು ಮನೆಜಗಳದಿಂದ ಶುರು ಮಾಡಬೇಕು.

ಸ್ಟೆಫಾನ್ ನೆಮಾನಿಚ್ ವಂಶದವನು. ಈ ಮನೆತನದಲ್ಲಿ ರಾಜರು ಸಂತರಾಗುವುದು ಹೊಸದೇನಲ್ಲ. ಮೂಲಪುರುಷ ಸ್ಟೆಫಾನ್ ನೆಮಾನ್ಯಾ 1196ರಲ್ಲಿ ಪಟ್ಟ ಬಿಟ್ಟು ಸನ್ಯಾಸಿಯಾದ. ಅವನ ಕಿರಿಯ ಮಗ ಸಾವಾ 1219ರಲ್ಲಿ ಸೆರ್ಬಿಯಾಕ್ಕೆ ತನ್ನದೇ ಆದ ಚರ್ಚ್ ಆಡಳಿತ ತಂದುಕೊಟ್ಟ. ಅಪ್ಪ ಮಗ ಇಬ್ಬರೂ ಸಂತರು. ಅಲ್ಲಿಂದ ಮುಂದೆ ರಾಜನೊಬ್ಬ ಚರ್ಚ್ ಕಟ್ಟಿಸುವುದು, ಸತ್ತ ಮೇಲೆ ಅವನನ್ನು ಅಲ್ಲೇ ಹೂಳುವುದು, ಜನ ಅವನಿಗೆ ನಡೆದುಕೊಳ್ಳುವುದು ವಾಡಿಕೆಯಾಯಿತು.

ಸ್ಟೆಫಾನ್‌ನ ತಂದೆ ಮಿಲುಟಿನ್ 1282ರಿಂದ 1321ರವರೆಗೆ ಆಳಿದ ಗಟ್ಟಿಗ ರಾಜ. ಮಂಗೋಲರ ನೊಗಾಯ್ ಖಾನ್ ಜೊತೆ ರಾಜಿ ಮಾಡಿಕೊಳ್ಳುವಾಗ ಈ ಮಗನನ್ನೇ ಒತ್ತೆಯಾಗಿ ಕಳಿಸಿದ್ದ. ಹುಡುಗ ಕೆಲವು ವರ್ಷ ಅಲ್ಲಿದ್ದು ವಾಪಸ್ ಬಂದ. ದೊಡ್ಡವನಾದ ಮೇಲೆ ಒಂದು ಪ್ರಾಂತ್ಯದ ಆಡಳಿತ ಸಿಕ್ಕಿತು. 1314ರ ಸುಮಾರಿಗೆ ಅಲ್ಲಿನ ಪಾಳೇಗಾರರ ಮಾತು ಕೇಳಿ ತಂದೆಯ ವಿರುದ್ಧ ತಿರುಗಿಬಿದ್ದ, ಸೋತ, ಕ್ಷಮೆ ಕೇಳಿದ. ಮಿಲುಟಿನ್ ಮಗನ ಕಣ್ಣು ಕುರುಡು ಮಾಡಿಸಿದ.

ಇದು ಬರೀ ಸಿಟ್ಟಿನ ಕೆಲಸವಾಗಿರಲಿಲ್ಲ. ಆ ಕಾಲದ ಬೈಜಾಂಟಿಯಮ್ (ಪೂರ್ವ ರೋಮನ್ ಸಾಮ್ರಾಜ್ಯ) ಪ್ರಪಂಚದಲ್ಲಿ ಕುರುಡನಿಗೆ ಪಟ್ಟ ಕಟ್ಟುತ್ತಿರಲಿಲ್ಲ. ಕೊಂದರೆ ಪಾಪ ತಗಲುತ್ತದೆ. ಕಣ್ಣು ತೆಗೆಸಿದರೆ ಜೀವ ಉಳಿಯುತ್ತದೆ, ಸಿಂಹಾಸನದ ಹಕ್ಕು ಹೋಗುತ್ತದೆ. ಸ್ಟೆಫಾನ್‌ನನ್ನು ಇಬ್ಬರು ಮಕ್ಕಳ ಸಮೇತ ಆ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಗಡಿಪಾರು ಮಾಡಿದರು. ಅಲ್ಲಿ ಅವನನ್ನು ಇಟ್ಟದ್ದು ಪಾಂಟೊಕ್ರೇಟರ್ ಮಠದಲ್ಲಿ. ಮಕ್ಕಳಲ್ಲಿ ಒಬ್ಬಳು ದುಶಿತ್ಸಾ, ಆ ಊರಲ್ಲೇ ತೀರಿಕೊಂಡಳು. ಇನ್ನೊಬ್ಬ ಪುಟ್ಟ ದುಶಾನ್. ಅಜ್ಜ ಮಾಡಿದ್ದನ್ನೂ ಅಪ್ಪ ಪಟ್ಟ ಪಾಡನ್ನೂ ಕಣ್ಣಾರೆ ಕಂಡು ಬೆಳೆದ ಹುಡುಗ ಅವನು. ಮುಂದಿನದನ್ನು ಓದುವಾಗ ಇದನ್ನು ಮರೆಯಬಾರದು ಅನ್ನಿಸುತ್ತದೆ ನನಗೆ.

ಭಕ್ತರು ಹೇಳುವ ಕಥೆ ಹೀಗಿದೆ. ಕಣ್ಣು ಕಳೆದುಕೊಂಡ ರಾತ್ರಿ ಸಂತ ನಿಕೊಲಸ್ ಕನಸಲ್ಲಿ ಬಂದ. ಅಂಗೈಯಲ್ಲಿ ಎರಡು ಕಣ್ಣುಗಳಿದ್ದವು. ‘ಹೆದರಬೇಡ, ನಿನ್ನ ಕಣ್ಣು ನನ್ನ ಹತ್ತಿರ ಇವೆ’ ಅಂದ. ವರ್ಷಗಳು ಕಳೆದ ಮೇಲೆ, ಆ ಸಂತನ ಹಬ್ಬದ ರಾತ್ರಿ, ಮತ್ತೆ ಬಂದು ದೃಷ್ಟಿ ಕೊಟ್ಟ. ಸ್ಟೆಫಾನ್ ಅದನ್ನು ಯಾರಿಗೂ ಹೇಳಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓಡಾಡಿದ. ಕಣ್ಣು ಪೂರ್ತಿ ಹೋಗಿರಲೇ ಇಲ್ಲ, ತೆಗೆಯಲು ಬಂದವರು ಕೈ ತಡೆದಿರಬೇಕು ಅಂತ ಅನೇಕ ಇತಿಹಾಸಕಾರರ ಊಹೆ. ಯಾವುದೇ ಆಗಲಿ, ಕಾಣಿಸುವ ಕಣ್ಣಿಗೆ ವರ್ಷಗಟ್ಟಲೆ ಬಟ್ಟೆ ಕಟ್ಟಿಕೊಂಡು ಬದುಕುವುದು ಸುಮ್ನೆ ಮಾತಲ್ಲ, ಅಲ್ವಾ?

1320ರ ಹೊತ್ತಿಗೆ ತಂದೆ ಅವನನ್ನು ವಾಪಸ್ ಕರೆಸಿಕೊಂಡ. 1321ರ ಅಕ್ಟೋಬರ್‌ನಲ್ಲಿ ಮಿಲುಟಿನ್ ತೀರಿಕೊಂಡ. ಆಗ ಸ್ಟೆಫಾನ್ ಬಟ್ಟೆ ಬಿಚ್ಚಿದ. ನೋಡಿದವರಿಗೆ ಅದು ಪವಾಡ. 1322ರ ಜನವರಿ 6ರಂದು ಪಟ್ಟಾಭಿಷೇಕ ಆಯಿತು. ಮಲತಮ್ಮ ಕಾನ್‌ಸ್ಟಾಂಟಿನ್ ಎದುರು ನಿಂತು ಯುದ್ಧದಲ್ಲಿ ಸತ್ತ. ದೊಡ್ಡಪ್ಪನ ಮಗ ವ್ಲಾದಿಸ್ಲಾವ್ ಕೂಡ ಸೋತು ದೂರವಾದ. ಸಂತನ ಕಥೆಯಲ್ಲಿ ಈ ರಕ್ತವೂ ಇದೆ. ಅದನ್ನು ಮುಚ್ಚಿಡಬಾರದು.

1330ರ ಜುಲೈ 28ರಂದು ವೆಲ್ಬಝ್ದ್ ಬಳಿ ಬಲ್ಗೇರಿಯಾದ ದೊರೆ ಮೈಕೆಲ್ ಶಿಶ್ಮನ್ ವಿರುದ್ಧ ದೊಡ್ಡ ಗೆಲುವು ಸಿಕ್ಕಿತು. ಆ ದೊರೆ ಸ್ಟೆಫಾನ್‌ನ ತಂಗಿ ಆನಾಳನ್ನು ಬಿಟ್ಟು ಬೇರೆ ಮದುವೆಯಾಗಿದ್ದವನು. ಯುದ್ಧದಲ್ಲಿ ಅವನು ಸತ್ತ. ಹೆಸರು ಬಂದದ್ದು ಮಾತ್ರ ಕುದುರೆ ಪಡೆ ನಡೆಸಿದ ಯುವರಾಜ ದುಶಾನ್‌ಗೆ. ಗೆದ್ದ ಮೇಲೆ ಸ್ಟೆಫಾನ್ ಮುಂದೆ ನುಗ್ಗಲಿಲ್ಲ. ಇನ್ನಷ್ಟು ನೆಲ ಬೇಕು ಅನ್ನುತ್ತಿದ್ದ ಸರದಾರರು ಮಗನ ಕಡೆ ಸೇರಿದರು. ಮರುವರ್ಷ ದುಶಾನ್ ದಂಗೆ ಎದ್ದು ತಂದೆಯನ್ನು ಹಿಡಿದು ಝ್ವೆಚಾನ್ ಕೋಟೆಗೆ ಹಾಕಿದ. 1331ರ ಸೆಪ್ಟೆಂಬರ್ 8ರಂದು ತಾನೇ ಪಟ್ಟಕ್ಕೆ ಬಂದ. ನವೆಂಬರ್ 11ರಂದು ಕೋಟೆಯೊಳಗೆ ಸ್ಟೆಫಾನ್ ಸತ್ತ. ಕತ್ತು ಹಿಸುಕಿ ಕೊಂದರು ಎಂದು 15ನೇ ಶತಮಾನದ ಶುರುವಿನಲ್ಲಿ ಅವನ ಚರಿತೆ ಬರೆದ ಗ್ರಿಗೊರಿಯೆ ತ್ಸಂಬ್ಲಾಕ್ ನೇರವಾಗಿ ಹೇಳುತ್ತಾನೆ. ತ್ಸಂಬ್ಲಾಕ್ ದೆಚಾನಿಯ ಮಠಾಧಿಪತಿಯಾಗಿದ್ದವನು. ಅದಕ್ಕೂ ಮೊದಲು, ದುಶಾನ್‌ನ ಕಾಲದಲ್ಲೇ ಬರೆದ ಚರಿತೆ ಈ ಜಾಗದಲ್ಲಿ ಬಾಯಿ ಬಿಡುವುದಿಲ್ಲ.

ಹೋಲಿಸಿ ನೋಡಿ. ದುಶಾನ್ ಸೆರ್ಬಿಯಾವನ್ನು ಹಿಂದೆಂದೂ ಇಲ್ಲದಷ್ಟು ದೊಡ್ಡದು ಮಾಡಿ 1346ರಲ್ಲಿ ಚಕ್ರವರ್ತಿಯಾದ. ಆದರೆ ಮನೆತನದ ಇಷ್ಟೊಂದು ಜನ ಸಂತರಾದರೂ ಅವನಿಗೆ ಶತಮಾನಗಳ ಕಾಲ ಆ ಪಟ್ಟ ಸಿಗಲಿಲ್ಲ. ಜನ ಮೊರೆ ಹೋದದ್ದು ಸೋತ ಅಪ್ಪನಿಗೆ. ಕಣ್ಣು ಹೋಯಿತು, ಮಗಳು ಹೋದಳು, ಕೊನೆಗೆ ಮಗನೇ ಕೈಬಿಟ್ಟ. ಇಂಥವನ ಮುಂದೆ ತಮ್ಮ ಕಷ್ಟ ಹೇಳಿಕೊಳ್ಳುವುದು ಸುಲಭ. ಅವನು ಗೆದ್ದದ್ದಕ್ಕಿಂತ ತಡೆದುಕೊಂಡದ್ದೇ ಜನರಿಗೆ ಜಾಸ್ತಿ ಮುಟ್ಟಿತು ಅಂತ ನನ್ನ ನಂಬಿಕೆ.

ಅವನು ಬಿಟ್ಟುಹೋದ ಚರ್ಚ್ ಕೂಡ ಅಷ್ಟೇ ವಿಶೇಷ. ಆರ್ಥಡಾಕ್ಸ್ ರಾಜನಿಗೆ ಇದನ್ನು ಕಟ್ಟಿಕೊಟ್ಟ ಫ್ರಾ ವೀಟ ಬೇರೆ ಪಂಗಡದವನು, ಕ್ಯಾಥೊಲಿಕ್ ಸನ್ಯಾಸಿ. ಹೊರಗೋಡೆಗೆ ಎರಡು ಬಣ್ಣದ ಅಮೃತಶಿಲೆ, ಪಟ್ಟೆ ಪಟ್ಟೆಯಾಗಿ. ಒಳಗೆ ಗೋಡೆ ತುಂಬ ಸಾವಿರಕ್ಕೂ ಹೆಚ್ಚು ಮನುಷ್ಯರೂಪಗಳ ಚಿತ್ರ. ಒಂದು ಕಡೆ ನೆಮಾನಿಚ್ ವಂಶವೃಕ್ಷ ಬಳ್ಳಿಯಂತೆ ಹಬ್ಬಿದೆ. ರಾಜನ ದೇಹವಿರುವ ಪೆಟ್ಟಿಗೆಯನ್ನು ಪ್ರತಿ ಗುರುವಾರ ಸಂಜೆ ಪೂಜೆಯ ಹೊತ್ತಿಗೆ ತೆರೆಯುತ್ತಾರೆ. ಆಟೊಮನ್ನರ ಕಾಲದಲ್ಲಿ ಕಾಯಿಲೆಯವರನ್ನು ಕರೆದುಕೊಂಡು ಅಲ್ಬೇನಿಯನ್ ಮುಸ್ಲಿಮರೂ ಈ ಪೆಟ್ಟಿಗೆಯ ಹತ್ತಿರ ಬರುತ್ತಿದ್ದರು ಎಂದು ಹಳೇ ಪ್ರವಾಸಿಗರು ಬರೆದಿಟ್ಟಿದ್ದಾರೆ.

ಆ ನಂಟು 20ನೇ ಶತಮಾನದ ಕೊನೆಗೆ ಹರಿಯಿತು. ಸೆರ್ಬಿಯಾದ ಆಡಳಿತದ ವಿರುದ್ಧ ಕೊಸೊವೊದ ಅಲ್ಬೇನಿಯನ್ನರು ಎದ್ದಾಗ ನಡೆದ 1998–99ರ ಯುದ್ಧದಲ್ಲಿ ಸೆರ್ಬಿಯಾದ ಪಡೆಗಳಿಂದ ಸುತ್ತಮುತ್ತಲ ಅಲ್ಬೇನಿಯನ್ನರು ತುಂಬಾ ನೊಂದರು. ಅವರಲ್ಲಿ ಅನೇಕರಿಗೆ ಮಠ ಸೆರ್ಬಿಯಾದ ಗುರುತಾಗಿ ಕಾಣಿಸತೊಡಗಿತು. ಅದೇ ಯುದ್ಧದಲ್ಲಿ ಮಠದವರು ಸೆರ್ಬರಿಗೂ ಅಲ್ಬೇನಿಯನ್ನರಿಗೂ ರೋಮಾ ಜನರಿಗೂ ಆಸರೆ ಕೊಟ್ಟಿದ್ದರು. ಯುದ್ಧ ಮುಗಿದ ಮೇಲೂ ಮಠದ ಮೇಲೆ ದಾಳಿಗಳಾದವು. 2004ರ ಮಾರ್ಚ್ ಗಲಭೆಯಲ್ಲಿ ಶೆಲ್ ಬಿದ್ದವು. 2007ರಲ್ಲಿ ಮತ್ತೊಂದು ದಾಳಿ. ನ್ಯಾಟೊ ನೇತೃತ್ವದ ಪಡೆ ಕಾವಲು ಬಿಡದಿರುವುದು ಇದಕ್ಕೇ. 2004ರಲ್ಲಿ ಮಠ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 2006ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು.

ಇನ್ನೊಂದು ಜಗಳ ಜಮೀನಿನದು. ಸ್ಟೆಫಾನ್ 1330ರಲ್ಲಿ ಶಾಸನ ಬರೆಸಿ ಮಠಕ್ಕೆ ಹಳ್ಳಿಹಳ್ಳಿಗಳನ್ನೇ ಉಂಬಳಿ ಕೊಟ್ಟಿದ್ದ. ಎರಡನೇ ಮಹಾಯುದ್ಧದ ನಂತರ ಕಮ್ಯುನಿಸ್ಟ್ ಸರ್ಕಾರ ಮಠದ ಭೂಮಿ ಕಿತ್ತುಕೊಂಡಿತು. 1997ರಲ್ಲಿ ಸೆರ್ಬಿಯಾ ಸರ್ಕಾರ ಸುಮಾರು 24 ಹೆಕ್ಟೇರ್ ವಾಪಸ್ ಕೊಟ್ಟಿತು. ಯುದ್ಧದ ನಂತರ ಸ್ಥಳೀಯರು ಅದು ಊರಿನ ಸಂಸ್ಥೆಗಳ ಜಮೀನು ಎಂದು ಕೋರ್ಟಿಗೆ ಹೋದರು. 2016ರ ಮೇ ತಿಂಗಳಲ್ಲಿ ಕೊಸೊವೊದ ಸಂವಿಧಾನ ಕೋರ್ಟ್ ಮಠದ ಪರವಾಗಿ ತೀರ್ಪು ಕೊಟ್ಟಿತು. ಖಾತೆ ಮಾತ್ರ ಆಗಲಿಲ್ಲ. ಕೊಸೊವೊ ಯುರೋಪಿನ ದೇಶಗಳ ಮಾನವ ಹಕ್ಕುಗಳ ಕೂಟವಾದ ಕೌನ್ಸಿಲ್ ಆಫ್ ಯುರೋಪ್ ಸೇರಲು ಹೊರಟಾಗ ಹೊರಗಿನ ಒತ್ತಡ ಬಿಗಿಯಾಯಿತು. ಕೊನೆಗೆ 2024ರ ಮಾರ್ಚ್‌ನಲ್ಲಿ, ತೀರ್ಪು ಬಂದು ಎಂಟು ವರ್ಷ ಆಗುತ್ತಾ ಬಂದಾಗ, ಆ 24 ಹೆಕ್ಟೇರ್ ಮಠದ ಹೆಸರಿಗೆ ದಾಖಲಾಯಿತು. ಫ್ರಾ ವೀಟನಿಗೆ ಇಡೀ ಚರ್ಚ್ ಕಟ್ಟಲು ಹಿಡಿದದ್ದೂ ಎಂಟೇ ವರ್ಷ.