ಒಂದು ರಸ್ತೆಗೆ 52 ವರ್ಷ ಯಾಕೆ ಬೇಕಾಯಿತು?

ಪ್ರಶ್ನೆ: ಅಮೆರಿಕದ ಬ್ಲೂ ರಿಡ್ಜ್ ಪಾರ್ಕ್‌ವೇ ಕಟ್ಟಿ ಮುಗಿಸಲು 52 ವರ್ಷ ಹಿಡಿಯಿತಂತೆ. ಯಾಕೆ? ಹೋಗಿ ನೋಡುವಂಥದ್ದು ಅಲ್ಲಿ ಏನಿದೆ?

ಉತ್ತರ: ದುಡ್ಡಿನ ಕೊರತೆ ಇತ್ತು, ನಡುವೆ ಎರಡನೇ ಮಹಾಯುದ್ಧವೂ ಬಂತು. ಆದರೆ ಕೊನೆಯ ಸುಮಾರು 12 ಕಿ.ಮೀ. ತಡವಾಗಿದ್ದು ಒಂದು ಬೆಟ್ಟಕ್ಕೋಸ್ಕರ.

ಕೆಲಸ ಶುರುವಾಗಿದ್ದು 1935ರ ಸೆಪ್ಟೆಂಬರ್‌ನಲ್ಲಿ. ಆರ್ಥಿಕ ಕುಸಿತದ ಕಾಲ ಅದು. ಬೆಟ್ಟದ ಊರುಗಳ ಜನಕ್ಕೆ ಕೂಲಿ ಸಿಗಲಿ ಎಂದು ರೂಸ್‌ವೆಲ್ಟ್ ಸರ್ಕಾರ ಇದನ್ನು ಕೈಗೆತ್ತಿಕೊಂಡಿತು. ವರ್ಜೀನಿಯಾದ ಶೆನಾಂಡೋವಾ ರಾಷ್ಟ್ರೀಯ ಉದ್ಯಾನದಿಂದ ನಾರ್ತ್ ಕೆರೊಲಿನಾ ಕಡೆಯ ಗ್ರೇಟ್ ಸ್ಮೋಕಿ ಉದ್ಯಾನದವರೆಗೆ 755 ಕಿ.ಮೀ. ದಾರಿ. ಎಲ್ಲರೂ ಖುಷಿಯಿಂದ ಜಾಗ ಬಿಟ್ಟುಕೊಡಲಿಲ್ಲ. ಚೆರೋಕಿ ಮೂಲನಿವಾಸಿಗಳು ತಮ್ಮ ಕಣಿವೆಯಲ್ಲಿ ರಸ್ತೆ ಬೇಡವೆಂದು ಹಟ ಹಿಡಿದರು. ಕೊನೆಗೆ ದಾರಿಯನ್ನೇ ಮೇಲಿನ ಬೆಟ್ಟಸಾಲಿಗೆ ಬದಲಿಸಬೇಕಾಯಿತು. ಅವರು ಪಟ್ಟು ಹಿಡಿದಿದ್ದು ಸರಿಯೇ.

1960ರ ದಶಕದ ಕೊನೆಗೆ ಉಳಿದಿದ್ದು ಗ್ರ್ಯಾಂಡ್‌ಫಾದರ್ ಮೌಂಟನ್ ಸುತ್ತಲಿನ ತುಂಡು ಮಾತ್ರ. ಬೆಟ್ಟದ ಮಾಲೀಕ ಹ್ಯೂ ಮಾರ್ಟನ್, ರಸ್ತೆ ಎತ್ತರದಲ್ಲಿ ಹೋದರೆ ಬೆಟ್ಟವೇ ಹಾಳಾಗುತ್ತದೆ ಎಂದು ವರ್ಷಗಟ್ಟಲೆ ವಿರೋಧಿಸಿದರು. ಕೊನೆಗೆ ಸ್ವಲ್ಪ ಕೆಳಗಿನ ದಾರಿಗೆ ಒಪ್ಪಂದವಾಯಿತು. ಅಲ್ಲಿ ಕಟ್ಟಿದ್ದೇ ಲಿನ್ ಕೋವ್ ಸೇತುವೆ. ಬೆಟ್ಟ ಕಡಿದು ರಸ್ತೆ ಮಾಡುವ ಬದಲು, ಬೆಟ್ಟದ ಮಗ್ಗುಲಲ್ಲೇ ಬಳುಕುತ್ತಾ ಹೋಗುವ ಸುಮಾರು 380 ಮೀಟರ್ ಉದ್ದದ ಸೇತುವೆ. ಬೇರೆಡೆ ಎರಕ ಹೊಯ್ದ 153 ಕಾಂಕ್ರೀಟ್ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋದರು. ಕಟ್ಟಿ ಮುಗಿದ ಭಾಗದ ಮೇಲೇ ನಿಂತು ಮುಂದಿನ ತುಂಡನ್ನು ಕೂರಿಸುತ್ತಿದ್ದರು. ಹಾಗಾಗಿ ನೆಲ ಅಗೆದಿದ್ದು ಹೆಚ್ಚಾಗಿ ಕಂಬಗಳ ಬುಡಕ್ಕಷ್ಟೇ. ಸುತ್ತಲಿನ ಬಂಡೆಯ ಬಣ್ಣಕ್ಕೆ ಹೊಂದಲೆಂದು ಕಾಂಕ್ರೀಟಿಗೆ ಕಬ್ಬಿಣದ ಆಕ್ಸೈಡ್ ಕೂಡ ಬೆರೆಸಿದರು! ಸೇತುವೆ 1983ರಲ್ಲಿ ಮುಗಿಯಿತು, ಪೂರ್ತಿ ರಸ್ತೆ ತೆರೆದಿದ್ದು 1987ರಲ್ಲಿ. ಇಂಥ ಕೆಲಸಕ್ಕೆ ತಡವಾದರೆ ಆಗಲಿ ಬಿಡಿ.

ಇನ್ನು ನೋಡುವಂಥದ್ದು. ಬೇಗ ಊರು ಸೇರಿಸುವುದಕ್ಕೆ ಮಾಡಿದ ರಸ್ತೆಯಲ್ಲ ಇದು. ಸ್ಟ್ಯಾನ್ಲಿ ಆ್ಯಬಟ್ ಎಂಬ ಭೂದೃಶ್ಯ ವಿನ್ಯಾಸಕಾರರು ಪ್ರತಿ ತಿರುವಿನಲ್ಲೂ ನೋಟ ಬದಲಾಗುವಂತೆ ಇದನ್ನು ರೂಪಿಸಿದರು. ಲಾರಿಗಳಿಲ್ಲ, ಜಾಹೀರಾತು ಫಲಕಗಳಿಲ್ಲ, ಟೋಲ್ ಇಲ್ಲ. ವೇಗದ ಮಿತಿ ಗಂಟೆಗೆ 45 ಮೈಲಿ, ಅಂದರೆ 72 ಕಿ.ಮೀ. ದೂರದ ಬೆಟ್ಟಗಳು ನೀಲಿಯಾಗಿ ಕಾಣುವುದಕ್ಕೆ ಮರಗಳು ಬಿಡುವ ಐಸೊಪ್ರೀನ್ ಎಂಬ ಅನಿಲವೂ ಒಂದು ಕಾರಣ. ಅಕ್ಟೋಬರ್‌ನಲ್ಲಿ ಎಲೆಗಳು ಕೆಂಪು, ಹಳದಿಗೆ ತಿರುಗಿದಾಗ ಜನ ಜಾಸ್ತಿ. ಶಾರ್ಲೆಟ್, ರಾಲಿ ಕಡೆಯ ಕನ್ನಡಿಗರು ವಾರದ ದಿನ ಹೋದರೆ ಒಳ್ಳೆಯದು.

2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ನಾರ್ತ್ ಕೆರೊಲಿನಾ ಭಾಗದಲ್ಲಿ ರಸ್ತೆಯನ್ನು ತುಂಬಾ ಹಾಳು ಮಾಡಿತು. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟಿದಾಗಲೂ ಕೆಲವು ಭಾಗ ಮುಚ್ಚುತ್ತಾರೆ. ಹೊರಡುವ ಮೊದಲು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ವೆಬ್‌ಸೈಟ್‌ನಲ್ಲಿ ಯಾವ ಭಾಗ ತೆರೆದಿದೆ ಎಂದು ನೋಡಿಕೊಳ್ಳಿ.