ಲಿನಕ್ಸ್‌ನಲ್ಲಿ ಕನ್ನಡ ಒಡೆದರೆ ಮೊದಲು ಒಡೆದ ಬಗೆಯನ್ನು ನೋಡಿ

ಉಬುಂಟು ಹಾಕಿಕೊಂಡ ಹೊಸತರಲ್ಲಿ ಕನ್ನಡ ಸರಿಯಾಗಿ ಕಾಣದಿದ್ದಾಗಲೆಲ್ಲ ನಾನು ಮಾಡುತ್ತಿದ್ದುದು ಒಂದೇ ಕೆಲಸ: ಇನ್ನೊಂದು ಫಾಂಟ್ ಹುಡುಕಿ ತಂದು ತುಂಬುವುದು. ಫಾಂಟುಗಳ ಪಟ್ಟಿ ಬೆಳೆಯಿತು, ತೊಂದರೆ ಇದ್ದಲ್ಲೇ ಇತ್ತು. ಬೆರಳು ಒತ್ತಿದ ಕೀಲಿ ತೆರೆಯ ಮೇಲೆ ಅಕ್ಷರವಾಗುವುದಕ್ಕೆ ನಾಲ್ಕು ಕೈ ದಾಟಬೇಕು ಎಂಬುದು ಆಗ ಗೊತ್ತಿರಲಿಲ್ಲ. ಇದು ಯಾವ ಅಕ್ಷರ ಎಂದು ಕೀಲಿಮಣೆಯ ವಿನ್ಯಾಸ ತೀರ್ಮಾನಿಸುತ್ತದೆ. ಅಕ್ಷರ ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯ ಸಂಖ್ಯೆಯಾಗಿ ಕಡತದಲ್ಲಿ ಕೂರುತ್ತದೆ. ಹಾರ್ಫ್‌ಬಝ್ ಎಂಬ ತಂತ್ರಾಂಶ ಒತ್ತು, ಗುಣಿತಗಳನ್ನು ಜೋಡಿಸುತ್ತದೆ. ಕೊನೆಗೆ ಫಾಂಟ್ ಆಕಾರ ಕೊಡುತ್ತದೆ. ಯಾವ ಕೈಯಲ್ಲಿ ಜಾರಿತು ಎನ್ನುವುದಕ್ಕೆ ಒಡೆದ ರೂಪವೇ ಸಾಕ್ಷಿ.

ಅಕ್ಷರದ ಜಾಗದಲ್ಲಿ ಚೌಕ ಬಂದರೆ ಮಾತ್ರ ಅದು ಫಾಂಟ್ ಇಲ್ಲದ ತೊಂದರೆ. ಚೌಕದೊಳಗೆ ಪುಟ್ಟ ಅಂಕಿಗಳಿದ್ದರೆ ಅವು ಆ ಅಕ್ಷರದ ಯೂನಿಕೋಡ್ ಸಂಖ್ಯೆ; ಕಡತ ಕ್ಷೇಮವಾಗಿದೆ, ಗಾಬರಿ ಬೇಡ. ಎಫ್‌ಸಿ-ಮ್ಯಾಚ್ (fc-match) ಆಜ್ಞೆಗೆ ಕನ್ನಡದ ಭಾಷಾ ಸಂಕೇತ (:lang=kn) ಕೊಟ್ಟು ಟರ್ಮಿನಲ್ ಎಂಬ ಆಜ್ಞೆಗಳ ಕಿಟಕಿಯಲ್ಲಿ ಕೇಳಿದರೆ ವ್ಯವಸ್ಥೆ ಕನ್ನಡಕ್ಕೆ ಯಾವ ಫಾಂಟ್ ಆಯ್ದುಕೊಂಡಿದೆ ಎಂದು ಹೇಳುತ್ತದೆ. ಉತ್ತರ ಡೇಜಾವು (DejaVu) ಎಂದು ಬಂದರೆ ಕನ್ನಡ ಫಾಂಟ್ ಇಲ್ಲವೆಂದೇ ಅರ್ಥ, ಏಕೆಂದರೆ ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಲೋಹಿತ್, ನೋಟೊ, ಗುಬ್ಬಿ, ನವಿಲು ಇವುಗಳಲ್ಲಿ ಯಾವುದನ್ನು ಹಾಕಿದರೂ ಸಾಕು. ಒಂದೇ ಸಾಕು.

ನನ್ನನ್ನು ಹೆಚ್ಚು ಕಾಡಿದ್ದು ಚುಕ್ಕೆಗಳ ವೃತ್ತ. ‘ಆನೆ’ ಎಂದು ಬರೆಯಲು ಹೋದರೆ ‘◌ಾನೆ’ ಎಂದು ಬರುತ್ತಿತ್ತು. ಫಾಂಟ್ ಬದಲಿಸಿದರೆ ವೃತ್ತದ ಚುಕ್ಕೆಗಳು ತುಸು ಸಣ್ಣದಾದವು, ಅಷ್ಟೇ. ಗುಣಿತ ಚಿಹ್ನೆಗೆ ಅಂಟಿಕೊಳ್ಳಲು ಹಿಂದೆ ವ್ಯಂಜನ ಸಿಗದಿದ್ದಾಗ ಜೋಡಿಸುವ ತಂತ್ರಾಂಶ ಈ ವೃತ್ತವನ್ನು ಇಟ್ಟು ‘ಇಲ್ಲಿ ಆಸರೆ ಇಲ್ಲ’ ಎಂದು ತೋರಿಸುತ್ತದೆ. ಹಾಗಾದರೆ ತಪ್ಪು ಮೊದಲ ಕೈಯಲ್ಲೇ, ಕೀಲಿಮಣೆಯಲ್ಲೇ ಇದೆ.

ಕೀಲಿಮಣೆ ಪಟ್ಟಿಯಲ್ಲಿ ಕಗಪ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ಎರಡು ಬಾರಿ ಕಾಣಬಹುದು. ಹೆಸರು ಒಂದೇ ಆದರೂ ಕುಲ ಬೇರೆ. ಒಂದು ಎಕ್ಸ್‌ಕೆಬಿ ಎಂಬ ತಳಮಟ್ಟದ ವ್ಯವಸ್ಥೆಯದು. ಒಂದು ಕೀಲಿಗೆ ಒಂದು ಅಕ್ಷರ ಎಂಬುದು ಅದರ ಲೆಕ್ಕ, ಹಿಂದೆ ಏನು ಬರೆದಿದ್ದೀರಿ ಎಂದು ಅದು ನೋಡುವುದಿಲ್ಲ. ಅಲ್ಲಿ ಶಿಫ್ಟ್ ಜೊತೆ ಎ ಒತ್ತಿದರೆ ಬರುವುದು ದೀರ್ಘದ ಚಿಹ್ನೆ. ‘ಆ’ ಬೇಕಿದ್ದರೆ ಬಲಗಡೆಯ ಆಲ್ಟ್ ಹಿಡಿಯಬೇಕು. ಇನ್ನೊಂದು ಐಬಸ್ ಎಂಬ ಬರಹ ವ್ಯವಸ್ಥೆಯ ಮೂಲಕ ಓಡುವ ಎಂ17ಎನ್ ಕುಲದ್ದು. ಅದು ಹಿಂದಿನ ಅಕ್ಷರವನ್ನು ನೋಡಿ, ಪದದ ಆರಂಭದಲ್ಲಿ ಸ್ವರವನ್ನೂ ವ್ಯಂಜನದ ಬಳಿಕ ಗುಣಿತವನ್ನೂ ಕೊಡಬಲ್ಲದು. ನುಡಿ ಎಂಬ ಕನ್ನಡ ತಂತ್ರಾಂಶ ಬಳಸಿ ಕೈ ಪಳಗಿದವರಿಗೆ ಇದೇ ಹಿತ. ಐಬಸ್-ಎಂ17ಎನ್ ಪೊಟ್ಟಣ (ಪ್ಯಾಕೇಜ್) ಹಾಕಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬನ್ನಿ; ಅದಿಲ್ಲದೆ ಹೊಸ ವಿನ್ಯಾಸ ಪಟ್ಟಿಗೆ ಬರದಿರಬಹುದು. ನಾನು ಈ ಸಣ್ಣ ವಿಷಯ ತಿಳಿಯದೆ ಪೊಟ್ಟಣವನ್ನು ಮೂರು ಸಲ ತೆಗೆದು ಹಾಕಿದ್ದೇನೆ. ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸ ಕಲಿತವರಿಗೆ ಈ ಗೊಂದಲವೇ ಇಲ್ಲ; ಅಲ್ಲಿ ಸ್ವರ, ಗುಣಿತಗಳಿಗೆ ಬೇರೆ ಬೇರೆ ಸ್ಥಾನ ಎಂಬುದು ಮೊದಲ ಪಾಠ.

ಮುಂದಿನದು ತಪ್ಪಲ್ಲದ ತಪ್ಪು. ರ, ಹಲಂತ (ವ್ಯಂಜನದಿಂದ ಸ್ವರ ತೆಗೆಯುವ ಚಿಹ್ನೆ), ಯ, ದೀರ್ಘ ಎಂದು ಕ್ರಮವಾಗಿ ಒತ್ತಿದರೂ ‘ರ್ಯಾಂಕ್’ ಎಂದು ಅರ್ಕಾವತ್ತು ಬರುತ್ತದೆ. ಸೂರ್ಯ, ಕಾರ್ಯ ಬರೆಯುವ ನಿಯಮವೇ ಇಲ್ಲಿಯೂ ನಡೆಯುತ್ತಿದೆ. ಯಂತ್ರದ ದೃಷ್ಟಿಯಲ್ಲಿ ಅದು ಸರಿ. ನಮಗೆ ಬೇಕಾದ ‘ರ‍್ಯಾಂಕ್’ ಬರಬೇಕಾದರೆ ರಕಾರದ ನಂತರ, ಹಲಂತಕ್ಕೆ ಮೊದಲು, ಕಣ್ಣಿಗೆ ಕಾಣದ ಜೋಡಕವೊಂದನ್ನು ಇಡಬೇಕು. ಅದರ ಯೂನಿಕೋಡ್ ಸಂಖ್ಯೆ 200ಡಿ (200D). ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, ಆ ಸಂಖ್ಯೆಯನ್ನು ಇಂಗ್ಲಿಷ್ ಕೀಲಿಮಣೆಯಲ್ಲಿ ಬರೆದು ಎಂಟರ್ ಒತ್ತಿದರೆ ಜಿಟಿಕೆ ಎಂಬ ಸಲಕರಣೆಯಿಂದ ಕಟ್ಟಿದ ಹೆಚ್ಚಿನ ತಂತ್ರಾಂಶಗಳಲ್ಲಿ ಸೇರುತ್ತದೆ. ಕ್ರಮ ತಪ್ಪಿ ಹಲಂತದ ನಂತರ ಇಟ್ಟರೆ ಫಲ ಬೇರೆ.

ಇದರ ಸೋದರ 200ಸಿ, ಬಿಡಿಸುವ ಗುರುತು. ‘ಸಾಫ್ಟ್‌ವೇರ್’ ಪದದಲ್ಲಿ ವಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಇದೇ. ಪದದ ಕೊನೆಯಲ್ಲಿ ಸೇರಿಕೊಂಡರೆ ಮಾತ್ರ ಕಿರಿಕಿರಿ: ಗುರುತಿರುವ ‘ಬಸ್‌’ ಮತ್ತು ಇಲ್ಲದ ‘ಬಸ್’ ನೋಟಕ್ಕೆ ಅವಳಿಗಳು, ಆದರೆ ಒಂದನ್ನು ಹುಡುಕಿದರೆ ಇನ್ನೊಂದು ಸಿಗದಿರಬಹುದು. ಕಣ್ಣಿಗೆ ಕಾಣುವ ಪದ ಹುಡುಕಾಟಕ್ಕೆ ಸಿಗುತ್ತಿಲ್ಲವೆಂದರೆ ಮೊದಲ ಅನುಮಾನ ಇದರ ಮೇಲಿರಲಿ.

ಹಳೆಯ ಕಡತ ತೆರೆದಾಗ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ ಹೀಗೆ ಸಾಲುಗಟ್ಟಿದರೆ ಅದು ಯೂನಿಕೋಡ್ ಪೂರ್ವದ ನುಡಿ ಬರಹ. ಒಳಗಿರುವುದು ನಿಜವಾಗಿಯೂ ಲ್ಯಾಟಿನ್ ಅಕ್ಷರಗಳೇ; ಕನ್ನಡವಿದ್ದದ್ದು ಫಾಂಟಿನ ವೇಷದಲ್ಲಿ ಮಾತ್ರ. ಆ ಹಳೆಯ ಫಾಂಟ್ ಹಾಕಿದರೆ ಓದಬಹುದು, ಹುಡುಕಲು ಆಗದು. ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಾರೆ ತಾಳೆ ನೋಡಿ.

ಟರ್ಮಿನಲ್‌ನಲ್ಲಿ ಕನ್ನಡ ಕಡತದ ಹೆಸರು ಚೆಲ್ಲಾಪಿಲ್ಲಿಯಾಗಿ ಕಂಡರೆ ಏನನ್ನೂ ಮುಟ್ಟಬೇಡಿ. ಟರ್ಮಿನಲ್ ಅಕ್ಷರಗಳನ್ನು ಸಮ ಅಳತೆಯ ಚೌಕಗಳಲ್ಲಿ ಕೂರಿಸುತ್ತದೆ. ‘ಸ್ತ್ರೀ’ ಆ ಚೌಕಕ್ಕೆ ಹಿಡಿಸುವುದಿಲ್ಲ. ಅದೇ ಹೆಸರನ್ನು ಕಡತ ನಿರ್ವಾಹಕದಲ್ಲಿ ನೋಡಿ. ಅಲ್ಲಿ ಸರಿಯಿದ್ದರೆ ಕಡತವೂ ಸರಿಯಿದೆ, ಫಾಂಟೂ ಸರಿಯಿದೆ.