ಐದು ಪಯಣಕ್ಕೆ ಎಷ್ಟು ಹಡಗು ಬೇಕು?

ಅಮೆರಿಕದ ನೌಕಾಪಡೆಯ ಇಂಧನ ಟ್ಯಾಂಕರ್‌ಗಳನ್ನು ಮುಂದಿಟ್ಟುಕೊಂಡು ಗಣಿತಜ್ಞರಾದ ಡಾಂಟ್ಜಿಗ್ ಮತ್ತು ಫುಲ್ಕರ್ಸನ್ 1954ರಲ್ಲಿ ಬಿಡಿಸಿದ ಲೆಕ್ಕ ಇದು. ಯಾವ ದಿನ ಎಲ್ಲಿ ಸರಕು ತುಂಬಬೇಕು, ಎಲ್ಲಿ ಇಳಿಸಬೇಕು ಎಂಬುದು ಮೊದಲೇ ನಿಗದಿ. ಕಂಡುಹಿಡಿಯಬೇಕಾದದ್ದು ಕನಿಷ್ಠ ಎಷ್ಟು ಹಡಗು ಸಾಕು ಎಂಬುದು.

ಒಂದು ಸಣ್ಣ ಉದಾಹರಣೆ ಮಾಡಿ ನೋಡಿ. ತುಂಬುವ ದಿನ ಮತ್ತು ಇಳಿಸಿ ಮುಗಿಯುವ ದಿನ ಹೀಗಿವೆ:

ಪಯಣ 1: 0, 10
ಪಯಣ 2: 3, 12
ಪಯಣ 3: 18, 28
ಪಯಣ 4: 20, 29
ಪಯಣ 5: 36, 46

ಖಾಲಿ ಹಡಗು ವಾಪಸ್ ಬರಲು 8 ದಿನ. ಒಂದು ಪಯಣ ಮುಗಿದ ದಿನಕ್ಕೆ 8 ಕೂಡಿಸಿ. ಬಂದ ಮೊತ್ತ ಇನ್ನೊಂದು ಪಯಣದ ತುಂಬುವ ದಿನವನ್ನು ಮೀರದಿದ್ದರೆ ಅದೇ ಹಡಗು ಎರಡನ್ನೂ ಮಾಡಬಹುದು. ಇದಕ್ಕೆ ಕೊಂಡಿ ಎನ್ನೋಣ. ಒಂದು ಪಯಣದ ಹಿಂದೆ ಒಂದೇ ಕೊಂಡಿ, ಮುಂದೆಯೂ ಒಂದೇ. ಪಯಣಗಳ ಸಂಖ್ಯೆಯಿಂದ ಕೊಂಡಿಗಳ ಸಂಖ್ಯೆ ಕಳೆದರೆ ಹಡಗುಗಳ ಸಂಖ್ಯೆ ಸಿಗುತ್ತದೆ. ಹಾಗಾಗಿ ಕೊಂಡಿ ಹೆಚ್ಚಿಸುವುದೇ ಇಲ್ಲಿನ ಇಡೀ ಕೆಲಸ.

ಕಲಿಯುವವರು ಎಡವುವ ಜಾಗ ಇದು. 1ರಿಂದ 4ಕ್ಕೆ ಎರಡು ದಿನ ಬಿಡುವಿದೆ ಎಂದು ಅದನ್ನೇ ಮೊದಲು ಕಟ್ಟಿಬಿಡುತ್ತಾರೆ. ಆಗ 2ಕ್ಕೆ ಉಳಿಯುವುದು 5 ಮಾತ್ರ. ಒಟ್ಟು ಎರಡೇ ಕೊಂಡಿ, ಮೂರು ಹಡಗು. ಆ ಕೊಂಡಿ ಬಿಚ್ಚಿ 1ನ್ನು 3ಕ್ಕೆ, 2ನ್ನು 4ಕ್ಕೆ, 3ನ್ನು 5ಕ್ಕೆ ಕಟ್ಟಿದರೆ ಮೂರು ಕೊಂಡಿ, ಎರಡೇ ಹಡಗು. ಕಟ್ಟಿದ್ದನ್ನು ಬಿಚ್ಚಿ ಮರುಕಟ್ಟುವ ಈ ಹುಡುಕಾಟವನ್ನೇ ಕಂಪ್ಯೂಟರ್ ಸಾವಿರಾರು ಪಯಣಗಳಿಗೆ ಮಾಡುತ್ತದೆ.

ಈಗ ಆ ಎರಡು ಹಡಗಿನ ಉತ್ತರವನ್ನು ಹತ್ತಿರದಿಂದ ನೋಡಿ: 10+8=18, 12+8=20, 28+8=36. ಮೂರೂ ಕೊಂಡಿಗಳಲ್ಲಿ ಬಿಡುವು ಸೊನ್ನೆ. ಪಯಣ 1ರಲ್ಲಿ ಕ್ರೇನ್ ಕೆಟ್ಟು ಒಂದು ದಿನ ತಡವಾದರೆ 3 ತಡ, ಅದರ ಬೆನ್ನಿಗೆ 5 ಕೂಡ ತಡ. ಮೂರು ಹಡಗಿನ ಉತ್ತರದಲ್ಲಿ 1–4ಕ್ಕೆ ಎರಡು ದಿನ, 2–5ಕ್ಕೆ ಹದಿನಾರು ದಿನ ಬಿಡುವಿದೆ. ಸೇನೆಯ ಸರಕಿನ ವಿಷಯದಲ್ಲಿ ನನ್ನ ಆಯ್ಕೆ ಮೂರೇ.

ಕಾರಣಕ್ಕೆ 1990ರ ಕೊಲ್ಲಿ ಯುದ್ಧದ ಸಿದ್ಧತೆ ಸಾಕು. ಅಮೆರಿಕದ ಬಳಿ ಇದ್ದ ಅತಿವೇಗದ ಸಾಗಣೆ ಹಡಗುಗಳು ಎಂಟೇ. ಅವುಗಳಲ್ಲಿ ಆಂಟೇರಿಸ್ ಅಮೆರಿಕದ ಸವಾನಾ ಬಂದರಿನಿಂದ 24ನೇ ಇನ್‌ಫೆಂಟ್ರಿ ಡಿವಿಷನ್‌ನ ಸಾಮಗ್ರಿ ಹೊತ್ತು ಹೊರಟು ಅಟ್ಲಾಂಟಿಕ್ ನಡುವೆ ಕೆಟ್ಟಿತು. ಅದನ್ನು ಸ್ಪೇನ್‌ನ ರೋಟಾಕ್ಕೆ ಎಳೆದೊಯ್ದು, ಸರಕನ್ನು ಆಲ್ಟೇರ್ ಹಡಗಿಗೆ ಸಾಗಿಸಬೇಕಾಯಿತು.

ಇನ್ನು ತುಂಬುವ ಸಾಮರ್ಥ್ಯ. ಟ್ಯಾಂಕರ್‌ಗೆ ಪರಿಮಾಣ ನೋಡಿದರೆ ಬಹುಮಟ್ಟಿಗೆ ಆಯಿತು. ವಾಹನಗಳು ಚಕ್ರದ ಮೇಲೆ ಹತ್ತಿ ಇಳಿಯುವ ಹಡಗಿನಲ್ಲಿ ಸಾಮಾನ್ಯವಾಗಿ ತೂಕಕ್ಕಿಂತ ಮೊದಲು ಡೆಕ್ಕಿನ ಚದರಡಿ ಮುಗಿಯುತ್ತದೆ. ಸರಪಳಿ ಬಿಗಿಯಲು, ತಿರುವಲು, ಕಂಬಗಳ ಸುತ್ತ ಜಾಗ ಬಿಡಬೇಕು. ಹೀಗಾಗಿ ಯೋಜನೆಯಲ್ಲಿ ಸುಮಾರು 75% ಜಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಯುದ್ಧ ಟ್ಯಾಂಕ್‌ಗೆ ಡೆಕ್ಕಿನ ಬಲ, ಎತ್ತರದ ಲಾರಿಗೆ ಮೇಲಿನ ಡೆಕ್ಕಿನವರೆಗಿನ ಅಂತರ, ಇವೆರಡನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಇವನ್ನು ಬಿಟ್ಟು ಕಟ್ಟಿದ ಕೊಂಡಿ ಕಾಗದದಲ್ಲಿ ಸರಿ ಕಂಡರೂ ಬಂದರಿನಲ್ಲಿ ಕೊನೆಯ ಕೆಲವು ವಾಹನಗಳು ದಕ್ಕೆಯ ಮೇಲೆಯೇ ಉಳಿಯುತ್ತವೆ, ಅವಕ್ಕೆ ಆರನೇ ಪಯಣ ಬೇಕಾಗುತ್ತದೆ.